ಹಗಲುಮನೆಯ ಕಂಡಕ್ಟರು

ರುಕ್ಮಯ್ಯನವರ ಮಂಡಿ ಕೈಕೊಟ್ಟದ್ದು ಸಿದ್ಧಕಟ್ಟೆಯಲ್ಲಿ, ಬಸ್ಸಿನ ಮೆಟ್ಟಿಲಿಳಿಯುವಾಗ. ಮೂಡುಬಿದಿರೆ–ಬಂಟ್ವಾಳ ದಾರಿಯ ಖಾಸಗಿ ಬಸ್ಸುಗಳಲ್ಲಿ ಆಯುಷ್ಯವೆಲ್ಲ ಕಂಡಕ್ಟರಾಗಿದ್ದವರು ಅವರು. ಕೆಲಸ ಬಿಟ್ಟರೂ ಬಸ್ಸು ಬಿಟ್ಟಿರಲಿಲ್ಲ. ದೋಸೆ ತಿಂದು ಹೊರಟರೆ ಬಂಟ್ವಾಳಕ್ಕೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಈಗಿನ ಕಂಡಕ್ಟರುಗಳೆಲ್ಲ ಅವರ ಕೈಕೆಳಗೆ ಪಳಗಿದವರಾದ್ದರಿಂದ ಟಿಕೆಟ್ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೆಂಡತಿ ತೀರಿಹೋದ ಮೇಲೆ ಅವರಿಗೆ ಮಾತಿಗೆ ಜನ ಸಿಗುತ್ತಿದ್ದುದು ಆ ಬಸ್ಸುಗಳಲ್ಲೇ.

"ಇನ್ನು ಬಸ್ಸು ಹತ್ತುವ ಆಸೆ ಬಿಡಿ" ಎಂದು ಡಾಕ್ಟರು ಹೇಳಿದರು. ಮಂಡಿಗೆ ಪಟ್ಟಿ ಬಿತ್ತು, ಮನೆಯವರ ನೆಮ್ಮದಿಗೆ ಕಲ್ಲು ಬಿತ್ತು.

ಮನೆ ಮೂಡುಬಿದಿರೆ ಪೇಟೆಯ ಅಂಚಿನಲ್ಲಿ, ರಸ್ತೆಗೆ ತಾಗಿಕೊಂಡೇ ಇದೆ. ರುಕ್ಮಯ್ಯ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಹೋಗಿಬರುವ ಬಸ್ಸುಗಳನ್ನು ವಿಚಾರಿಸತೊಡಗಿದರು. "ಏ, ಈಗ ಬರುವುದಾ ಮಾರಾಯ? ಬಂಟ್ವಾಳದಲ್ಲಿ ಮಲಗಿದ್ದೆಯಾ?" ಬಸ್ಸು ಇಲ್ಲದ ಹೊತ್ತಿನಲ್ಲಿ ಅಡುಗೆಮನೆಗೆ ಬಂದು ಸೊಸೆಯನ್ನು ವಿಚಾರಿಸುತ್ತಿದ್ದರು. ತೆಂಗಿನಕಾಯಿ ದೊರಗಾಗಿ ತುರಿದಿದೆ, ಗ್ಯಾಸಿನ ಉರಿ ದೊಡ್ಡದಾಗಿದೆ, ಬಸಳೆಗೆ ಹುಳಿ ಸಾಲದು. ಸೊಸೆ ಹರಿಣಾಕ್ಷಿ ತಾಳ್ಮೆಯ ಹೆಂಗಸೇ. ಆದರೆ ತಾಳ್ಮೆಗೂ ಒಂದು ತಳ ಇರುತ್ತದಲ್ಲ, ಅದು ಜೂನ್ ತಿಂಗಳಲ್ಲಿ ಕಾಣಿಸಿತು.

ಜೂನ್‌ನಲ್ಲಿ ಆಕೆಗೂ ಒಂದು ಪೆಟ್ಟು ಬಿದ್ದಿತ್ತು. ಮನೆಯ ಎದುರಿನ ಹಜಾರ ಮತ್ತು ಮೂರು ಕೋಣೆಗಳಲ್ಲಿ ಆಕೆ ಹಲವಾರು ವರ್ಷಗಳಿಂದ ಕಾಲೇಜು ಹುಡುಗರನ್ನು ಇರಿಸಿಕೊಂಡು ಊಟ ಹಾಕುತ್ತಿದ್ದಳು. ಬಳ್ಳಾರಿ, ಬೀದರ್, ಹಾಸನ, ಎಲ್ಲೆಲ್ಲಿಯ ಮಕ್ಕಳೋ ಆಕೆಯ ಕುಚ್ಚಲಕ್ಕಿ ಅನ್ನಕ್ಕೆ ಮೊದಲು ಮೂಗು ಮುರಿದು, ಆಮೇಲೆ ಎರಡೆರಡು ಸಲ ಬಡಿಸಿಕೊಂಡು ಹೋದವರು. ಈ ವರ್ಷ ಕಾಲೇಜಿನವರೇ ದೊಡ್ಡ ಹಾಸ್ಟೆಲು ಕಟ್ಟಿಸಿದ್ದರಿಂದ ಒಬ್ಬನೂ ಬರಲಿಲ್ಲ. ಇಪ್ಪತ್ತು ಜನರಿಗೆ ಅಡುಗೆ ಮಾಡಿ ರೂಢಿಯಾದ ಕೈಗೆ ನಾಲ್ಕು ಜನರ ಅಡುಗೆ ಹಿಡಿಯುತ್ತಿರಲಿಲ್ಲ. ದಿನವೂ ಉಳಿಯುತ್ತಿತ್ತು.

ಒಂದು ಬೆಳಿಗ್ಗೆ ನೀರುದೋಸೆ ಬಡಿಸುತ್ತ ಆಕೆ ಹೇಳಿದಳು, "ನನಗೊಂದು ಯೋಚನೆ ಉಂಟು. ಎದುರಿನ ಕೋಣೆಗಳಲ್ಲಿ ಪ್ರಾಯ ಆದ ಹಿರಿಯರಿಗೆ ಒಂದು ಕೇಂದ್ರ ಮಾಡುವ. ಬೆಳಿಗ್ಗೆ ಬರುವುದು, ಊಟ, ಮಾತುಕತೆ, ಸ್ವಲ್ಪ ನಿದ್ದೆ, ಸಂಜೆ ಚಾ ಕುಡಿದು ಅವರವರ ಮನೆಗೆ ಹೋಗುವುದು."

ಗಂಡ ಜಯಪ್ರಕಾಶ್ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದೋಸೆ ಹಿಡಿದ ಕೈ ಅಲ್ಲೇ ನಿಂತಿತು. "ಕೋಣೆಗೆ ಮೊಬೈಲ್ ಅಂಗಡಿಯವ ಬಾಡಿಗೆ ಕೇಳಿದ್ದಾನಲ್ಲ? ತಿಂಗಳ ಒಂದನೇ ತಾರೀಕಿಗೆ ಕೂತಲ್ಲಿಗೆ ದುಡ್ಡು ಬರ್ತದೆ."

"ಬರ್ತದೆ. ಆದ್ರೆ ಮಾವ ಗೇಟಿನಲ್ಲಿ ಕೂತು ಎಷ್ಟು ದಿನ ಬಸ್ಸಿಗೆ ಬೈಯುವುದು? ಇವರ ಹಾಗೆ ಈ ಬೀದಿಯಲ್ಲಿ ಎಷ್ಟು ಜನ ಇಲ್ಲ? ಮಗ ಸೊಸೆ ಕೆಲಸಕ್ಕೆ ಹೋದ್ರೆ ಗೋಡೆ ನೋಡುವುದೇ."

ರುಕ್ಮಯ್ಯ ತಟ್ಟೆಯಿಂದ ತಲೆ ಎತ್ತಿದರು. "ಓಹೋ, ನನ್ನನ್ನು ನನ್ನ ಮನೆಗೇ ಸೇರಿಸುವ ಏರ್ಪಾಡಾ?"

"ಹಾಗಲ್ಲ ಮಾವ."

"ಮತ್ತೆ ಹೇಗೆ? ಬೇರೆಯವರು ಅಪ್ಪನನ್ನು ಆಶ್ರಮಕ್ಕೆ ಬಿಟ್ಟು ಬರ್ತಾರೆ. ನೀನು ಆಶ್ರಮವನ್ನೇ ಇಲ್ಲಿಗೆ ತರ್ತೀಯ. ಖರ್ಚು ಕಡಿಮೆ."

ಮೊಮ್ಮಗಳು ಹರ್ಷಿತಾ ಬಾಯಿಗೆ ಕೈ ಅಡ್ಡ ಹಿಡಿದಳು. ಬಿ.ಕಾಂ. ಕೊನೆಯ ವರ್ಷದಲ್ಲಿದ್ದ ಅವಳಿಗೆ ಅಜ್ಜನ ಮಾತಿಗೆ ನಗು ಬರುತ್ತಿತ್ತು, ಅಮ್ಮನ ಮುಖ ನೋಡಿದರೆ ನಗಲು ಹೆದರಿಕೆ.

ಗಂಡ ಹೆಂಡಿರ ನಡುವೆ ವಾರವಿಡೀ ಅದೇ ಮಾತು. ಮೀನು ಕೊಯ್ಯುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ. ಹರಿಣಾಕ್ಷಿ ಮಹಿಳಾ ಸಂಘದಿಂದ ಸಾಲ ಎತ್ತಿ ಪಾಯಿಖಾನೆಗೆ ಹಿಡಿದುಕೊಳ್ಳುವ ಕಂಬಿ, ಜಾರದ ಟೈಲ್ಸು ಹಾಕಿಸಲು ಹೊರಟಾಗ ಜಯಪ್ರಕಾಶ್ ಕಡೆಯ ಮಾತು ಹೇಳಿದ. "ಮೊಬೈಲ್ ಅಂಗಡಿಯವ ನವರಾತ್ರಿವರೆಗೆ ಕಾಯ್ತಾನಂತೆ. ಅಷ್ಟರೊಳಗೆ ನಿನ್ನ ಕೇಂದ್ರ ಅದರ ಖರ್ಚು ಅದೇ ನೋಡಿಕೊಂಡ್ರೆ ಸರಿ. ಇಲ್ಲದಿದ್ರೆ ಕೋಣೆ ಅವನಿಗೆ. ಆಮೇಲೆ ನೀನು ಅಳಬಾರದು, ನಾನು ಬೈಯುವುದಿಲ್ಲ."

"ಅಳುವುದು ನಾನಲ್ಲ" ಎಂದಳು ಹರಿಣಾಕ್ಷಿ. ಹಾಗೆಂದರೂ ಬಡಿಸಲು ಜನ ಇಲ್ಲದ ಮನೆ ಅವಳಿಗೆ ಭಯ ಹುಟ್ಟಿಸುತ್ತಿತ್ತು.

ಆಟಿ ತಿಂಗಳು ಕಳೆದು ಮಳೆ ಸ್ವಲ್ಪ ಹಿಂದೆ ಸರಿದಾಗ ಹಗಲುಮನೆ ಶುರುವಾಯಿತು. ಬೋರ್ಡು ಬರೆಸಿದ್ದು ಹರ್ಷಿತಾ. ತಿಂಗಳಿಗೆ ಎರಡೂವರೆ ಸಾವಿರ, ಊಟ ಚಾ ಸೇರಿ, ಎಂದು ವಾಟ್ಸಾಪಿನಲ್ಲಿ ಊರಿಗೆಲ್ಲ ಕಳಿಸಿದ್ದೂ ಅವಳೇ. ಮೊದಲ ದಿನ ಹರಿಣಾಕ್ಷಿ ಪತ್ರೊಡೆ, ಹೆಸರುಬೇಳೆ ಪಾಯಸ ಮಾಡಿ ಕಾದಳು.

ಬಂದದ್ದು ಅಮ್ಮಣಿ ಒಬ್ಬರೇ. ಹಿಂದಿನ ಓಣಿಯಲ್ಲಿ ಒಂಟಿಯಾಗಿದ್ದ ಹೆಂಗಸು, ಬೀಡಿ ಕಟ್ಟಿ ಕಟ್ಟಿ ಬೆನ್ನು ಬಗ್ಗಿದವರು. ಹೊಸ ಅಂಗಡಿಯ ಪೂಜೆ ಇರಬೇಕೆಂದು ತಿಳಿದು ಬಂದಿದ್ದರು. ಪತ್ರೊಡೆ ತಿಂದು, ಪಾಯಸ ಕುಡಿದು, ಕೈ ತೊಳೆದು ಕೇಳಿದರು, "ಚಂದ ಆಯ್ತು ಮಗಾ. ನಾಳೆಯೂ ಪೂಜೆ ಉಂಟಾ?"

ಜಯಪ್ರಕಾಶನ ಸಹೋದ್ಯೋಗಿ ಕೃಷ್ಣಪ್ರಸಾದ್ ತನ್ನ ತಾಯಿ ಮನೋರಮಾ ಟೀಚರನ್ನು ಕಳಿಸುತ್ತೇನೆ ಎಂದಿದ್ದವ ಶಾಲೆಯಲ್ಲಿ ಸಿಕ್ಕಾಗ ಕತ್ತು ತುರಿಸಿಕೊಂಡ. "ನಿಮ್ಮದು ಬಸ್ಸು ಹೋಗುವ ದಾರಿ ಅಲ್ವಾ ಸರ್. ಅಮ್ಮ ಅಲ್ಲಿ ಕೂತದ್ದು ಎಲ್ಲರಿಗೂ ಕಾಣ್ತದೆ. ತಾಯಿಗೆ ಒಂದು ಹೊತ್ತು ಗಂಜಿ ಹಾಕ್ಲಿಕ್ಕೆ ಇವನಿಗೆ ಆಗುವುದಿಲ್ಲ ಅಂತ ಹೇಳುವುದಿಲ್ವಾ?"

ರುಕ್ಮಯ್ಯ ಗೇಟಿನ ಕುರ್ಚಿ ಬಿಟ್ಟು ಏಳಲಿಲ್ಲ. ಸಂಜೆ ಸೊಸೆ ಎದುರು ಬಂದರೆ "ಇವತ್ತು ಎಷ್ಟು ಜನ ಸೇರಿದರು?" ಎಂದು ಕೇಳುವುದು ಬೇರೆ. ಅಮ್ಮಣಿಯಕ್ಕ ಒಬ್ಬರೇ ಎಂದರೆ, "ಹಾಗಾದ್ರೆ ಸಿಂಗಲ್ ಟ್ರಿಪ್" ಎಂದು ತಾವೇ ನಗುವುದು.

ಒಂದು ಸಂಜೆ ಅವರು ಹಿತ್ತಿಲಿಗೆ ಬಂದಾಗ ಹರಿಣಾಕ್ಷಿ ಉಳಿದ ಅನ್ನ ಸಾರನ್ನೆಲ್ಲ ಪಕ್ಕದ ಮನೆಯ ದನಕ್ಕೆಂದು ಬಕೆಟ್ಟಿಗೆ ಸುರಿಯುತ್ತಿದ್ದಳು. ಸುರಿದವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕುಳಿತಳು. ಸೆರಗಿನಿಂದ ಮುಖ ಒರೆಸಿದಳು. ಬೆವರೋ ಇನ್ನೊಂದೋ, ಒರೆಸುತ್ತಲೇ ಇದ್ದಳು. ರುಕ್ಮಯ್ಯ ಬಂದ ದಾರಿಯಲ್ಲೇ ಹಿಂದೆ ಹೋದರು. ಅವರಿಗೆ ನಿಜವಾಗಿ ಕಸಿವಿಸಿಯಾಯಿತು. ಎಷ್ಟು ಗೊಣಗಿದರೂ ಆ ಸೊಸೆ ತನಗೆ ಬಿಸಿಯನ್ನು ಬಿಟ್ಟು ತಂಗಳು ಬಡಿಸಿದವಳಲ್ಲ.

ಮೊಮ್ಮಗಳನ್ನು ಕರೆದರು. "ಹರ್ಷಿತಾ, ಖಲೀಲನಿಗೆ ಫೋನು ಹಚ್ಚಿ ಕೊಡು."

ಇಬ್ರಾಹಿಂ ಖಲೀಲ್ ಅವರ ಬಸ್ಸಿನ ಡ್ರೈವರಾಗಿದ್ದವರು. ಇಬ್ಬರೂ ಒಂದೇ ಬಸ್ಸಿನಲ್ಲಿ ಒಬ್ಬರು ಮುಂದೆ ಕೂತು ಒಬ್ಬರು ಹಿಂದೆ ನಿಂತು ಪ್ರಾಯ ಕಳೆದವರು.

"ಖಲೀಲ್, ನಾಳೆ ಬೆಳಿಗ್ಗೆ ಮನೆಗೆ ಬಾ. ಊಟಕ್ಕೆ ಬಂಗುಡೆ ಮೀನು ಉಂಟು."

"ಎಂತ ವಿಶೇಷ?"

"ವಿಶೇಷ ಎಂತ ಇಲ್ಲ. ಬಸ್ಸು ಖಾಲಿ ನಿಂತಿದೆ."

ಮರುದಿನ ರುಕ್ಮಯ್ಯ ಗೇಟಿನ ಕುರ್ಚಿಯನ್ನು ಹಜಾರದ ಕಿಟಕಿಗೆ ತಂದರು. ಖಲೀಲರನ್ನು ಎದುರು ಕೂರಿಸಿ ನಡುವೆ ಕೇರಂ ಬೋರ್ಡು ಇಟ್ಟರು. ಇನ್ನೊಂದು ಕಿಟಕಿಗೆ ಅಮ್ಮಣಿಯನ್ನು ಕೂರಿಸಿದರು.

"ಅಜ್ಜ, ಕಿಟಕಿ ಯಾಕೆ? ಒಳಗೆ ಫ್ಯಾನು ಉಂಟಲ್ಲ" ಎಂದಳು ಹರ್ಷಿತಾ.

"ಖಾಲಿ ಬಸ್ಸಿಗೆ ಯಾರು ಹತ್ತುತ್ತಾರೆ ಮಗಾ? ಸ್ಟ್ಯಾಂಡಿನ ಕಡೆಯ ಕಿಟಕಿ ಸೀಟು ಮೊದಲು ತುಂಬಬೇಕು. ಜನ ಕಂಡ್ರೆ ಜನ ಬರ್ತಾರೆ."

ಬಂದರು. ರಸ್ತೆಯಲ್ಲಿ ಹೋಗುವ ಹಳೆಯ ಪರಿಚಯದವರನ್ನೆಲ್ಲ ರುಕ್ಮಯ್ಯ ಕಿಟಕಿಯಿಂದಲೇ ಕರೆದರು. ದಿನಸಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂತವರು, ತೋಟ ಮಕ್ಕಳಿಗೆ ಬಿಟ್ಟುಕೊಟ್ಟ ಮಿಜಾರಿನ ತುಕ್ರಪ್ಪ, ಎಲ್ಲರೂ ಬಂದರು. ಮನೋರಮಾ ಟೀಚರು ಒಂದು ದಿನ ಕೊಡೆ ಹಿಡಿದು ಗೇಟಿನ ಎದುರು ಮೂರು ಸಲ ಹಾದುಹೋದರು. ನಾಲ್ಕನೇ ಸಲ ರುಕ್ಮಯ್ಯ ಕೂಗಿದರು, "ಟೀಚರೇ, ಸೀಟು ಉಂಟು, ಬನ್ನಿ." ಟೀಚರು ಕೊಡೆ ಮಡಚಿದರು.

ಚೌತಿ ಬರುವಷ್ಟರಲ್ಲಿ ಹಜಾರ ತುಂಬಿತ್ತು. ಖಲೀಲ್ ಮತ್ತು ರುಕ್ಮಯ್ಯ ಕೇರಂ ಆಡುತ್ತ, ಹಳೆಯ ಯಾವುದೋ ದಿನ ಬಸ್ಸು ಕೆಟ್ಟದ್ದು ಯಾರ ತಪ್ಪಿನಿಂದ ಎಂದು ಜಗಳವಾಡುತ್ತಿದ್ದರು. ಶುಕ್ರವಾರ ಖಲೀಲ್ ನಮಾಜಿಗೆ ಹೋಗಿ ಬರುವವರೆಗೆ ಕಾಯಿಗಳು ಇದ್ದಲ್ಲೇ ಇರಬೇಕು, ಯಾರೂ ಮುಟ್ಟುವಂತಿಲ್ಲ. ಮನೋರಮಾ ಟೀಚರು ಪೇಪರು ಓದಿ ಹೇಳುವರು, ನಡುವೆ ತೂಕಡಿಸಿದವರನ್ನು ಪ್ರಶ್ನೆ ಕೇಳಿ ಎಬ್ಬಿಸುವರು. ತುಕ್ರಪ್ಪನಿಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಅದಕ್ಕೆ ಅವರು ಟೀಚರ ಹಿಂದಿನ ಕುರ್ಚಿಗೆ ಹೋದರು. ಅಮ್ಮಣಿ ಅಡುಗೆಮನೆ ಬಾಗಿಲಲ್ಲಿ ಕೂತು ಬೇಡವೆಂದರೂ ಕಾಯಿ ತುರಿಯುತ್ತಿದ್ದರು. ಹರಿಣಾಕ್ಷಿಯ ದೊಡ್ಡ ಪಾತ್ರೆ ಮತ್ತೆ ಒಲೆ ಹತ್ತಿತು. ಅವಳು ಬಡಿಸುತ್ತ ಓಡಾಡುವುದನ್ನು ನೋಡಿದರೆ ಸಂತೋಷ ಕಾಲಿನಲ್ಲೂ ಇರುತ್ತದೆ ಎಂದು ಗೊತ್ತಾಗುತ್ತಿತ್ತು.

ತಿಂಗಳು ಮುಗಿಯಿತು. ಯಾರೂ ದುಡ್ಡಿನ ಮಾತೆತ್ತಲಿಲ್ಲ. ಪ್ರಾಯದವರನ್ನು ಹೇಗೆ ಕೇಳುವುದೆಂದು ಹರಿಣಾಕ್ಷಿ ಕೃಷ್ಣಪ್ರಸಾದನಿಗೆ ಫೋನು ಮಾಡಿದಳು.

"ಫೀಸಾ?" ಎಂದ ಅವನು, ತಬ್ಬಿಬ್ಬಾಗಿ. "ಅಮ್ಮ ಹೇಳಿದ್ರು, ರುಕ್ಮಯ್ಯನವರು ಮನೆಗೆ ಊಟಕ್ಕೆ ಕರೆದಿದ್ದಾರೆ ಅಂತ. ಹಾಗೆ ದಿನಾ ಹೋಗ್ಬೇಡಿ, ಅವರಿಗೆ ತೊಂದರೆ ಆಗ್ತದೆ ಅಂತ ನಾನೇ ಬೈದೆ."

ಅಂದು ರಾತ್ರಿ ಊಟಕ್ಕೆ ಕುಳಿತಾಗ ಹರಿಣಾಕ್ಷಿ ಕೇಳಿದಳು, "ಮಾವ, ಎಲ್ಲರನ್ನೂ ಪುಕ್ಕಟೆ ಅಂತ ಕರೆದಿರಾ?"

"ಪುಕ್ಕಟೆ ಅಂತ ಯಾರು ಹೇಳಿದ್ದು? ಮನೆಗೆ ಬನ್ನಿ ಅಂತ ಹೇಳಿದೆ."

"ಬೋರ್ಡಿನಲ್ಲಿ ಬರೆದಿದೆಯಲ್ಲ."

"ಬೋರ್ಡು ಗೊತ್ತಿಲ್ಲದವರಿಗೆ. ಇವರು ನನ್ನ ಜನ. ನಮ್ಮ ಮನೆಯಲ್ಲಿ ಉಂಡವರ ಹತ್ರ ಗಂಜಿಗೆ ದುಡ್ಡು ಕೇಳುವುದಾ? ನಿನ್ನ ಅತ್ತೆ ಇದ್ದಿದ್ರೆ ಈ ಮಾತು ಬಾಯಿಗೆ ಬರ್ತಿರಲಿಲ್ಲ."

ಅತ್ತೆಯ ಹೆಸರು ಬಂದದ್ದೇ ತಡ, ಹರಿಣಾಕ್ಷಿಯ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು. "ಎಲ್ಲರಿಗೂ ಪಾಸು ಕೊಟ್ಟಿದ್ದೀರಿ ಮಾವ. ಬಸ್ಸು ತುಂಬಿದೆ, ಒಳ್ಳೆದು. ಡೀಸೆಲ್ಲು ಹಾಕುವುದು ಯಾರು? ಸಂಘದ ಕಂತು ಈ ಸಲ ನನ್ನ ಬಳೆ ಅಡವಿಟ್ಟು ಕಟ್ಟಿದೆ. ಮುಂದಿನದಕ್ಕೆ ಬಳೆ ಇಲ್ಲ."

ಜಯಪ್ರಕಾಶ್ ಹೆಂಡತಿಯ ಕೈ ನೋಡಿದ. ಬಳೆ ಇಲ್ಲದ್ದು ಅವನಿಗೆ ಕಂಡದ್ದೇ ಈಗ. ಲೆಕ್ಕದ ಮೇಷ್ಟ್ರಿಗೆ ನಾಚಿಕೆಯಾಯಿತು. "ನನಗೆ ಹೇಳ್ಬಾರದಿತ್ತಾ?" ಎಂದ ಮೆಲ್ಲನೆ.

"ಹೇಳಿದ್ರೆ ಕೋಣೆ ಮೊಬೈಲಿನವನಿಗೆ ಹೋಗ್ತಿತ್ತು. ಈಗಲೂ ಹೋಗ್ತದೆ. ನವರಾತ್ರಿ ಬಂದಾಯ್ತಲ್ಲ."

ರುಕ್ಮಯ್ಯ ಉಂಡದ್ದು ಅರ್ಧ. ಮರುದಿನ ಮಂಡಿ ನೋವೆಂದು ಕೋಣೆಯಲ್ಲೇ ಮಲಗಿದರು. ಖಲೀಲ್ ಒಬ್ಬರೇ ಕೇರಂ ಕಾಯಿ ತಟ್ಟಿ ಬೇಸತ್ತರು. ಮನೋರಮಾ ಟೀಚರು ಬರಲೇ ಇಲ್ಲ. ತುಕ್ರಪ್ಪ ಬಂದವರು ಒಂದು ಮುಳ್ಳುಸೌತೆ, ಎರಡು ತೆಂಗಿನಕಾಯಿ ಇಟ್ಟು, ಚಾ ಕುಡಿದು, ಊಟಕ್ಕೆ ನಿಲ್ಲದೆ ಹೋದರು.

ಮಧ್ಯಾಹ್ನ ಖಲೀಲ್ ಗೆಳೆಯನ ಮಂಚದ ಬದಿಗೆ ಬಂದು ಕುಳಿತರು. "ರುಕ್ಮಯ್ಯ, ನಾಳೆಯಿಂದ ನಾನೂ ಬರುವುದಿಲ್ಲ."

"ಯಾಕೆ? ನನ್ನ ಸೊಸೆ ಎಂತಾದ್ರೂ ಹೇಳಿದಳಾ?"

"ಅವಳು ಎಂತ ಹೇಳ್ತಾಳೆ, ಪಾಪ. ಮೀನಿನ ದೊಡ್ಡ ತುಂಡು ಹುಡುಕಿ ಹಾಕ್ತಾಳೆ. ಅದಕ್ಕೇ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ನೆಂಟರ ಮನೆಗೆ ಎಷ್ಟು ದಿನ ಹೋಗ್ಲಿಕ್ಕಾಗ್ತದೆ ಮಾರಾಯ? ಮಗ ಉಸ್ಮಾನ್ ದಿನಾ ಕೇಳ್ತಾನೆ, ಬಾಪಾ ಅಲ್ಲಿಗೆ ಎಷ್ಟು ಕೊಡ್ಬೇಕು ಅಂತ. ರುಕ್ಮಯ್ಯನ ಮನೆಯಲ್ಲಿ ದುಡ್ಡಿನ ಮಾತು ತೆಗೆದ್ರೆ ಅವನ ಮಾನ ಹೋಗ್ತದೆ ಅಂತ ನಾನು ಸುಮ್ಮನಿದ್ದೆ. ಟೀಚರದ್ದೂ ಅದೇ ಕತೆ. ನಿನ್ನ ಎದುರು ಯಾರೂ ಬಾಯಿ ಬಿಡುವುದಿಲ್ಲ."

ರುಕ್ಮಯ್ಯ ಎದ್ದು ಕೂತರು. ತಾನು ಉಪಕಾರವೆಂದು ಮಾಡಿದ್ದು ಇವರಿಗೆಲ್ಲ ಭಾರವಾಗಿತ್ತು ಎಂಬುದು ತಲೆಯೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಮಂಡಿಯ ನೋವು ಎಲ್ಲಿ ಹೋಯಿತೋ. "ಟೀಚರಿಗೆ ಫೋನು ಮಾಡು. ತುಕ್ರಪ್ಪನಿಗೂ. ನಾಳೆ ಬೆಳಿಗ್ಗೆ ಎಲ್ಲರೂ ಬರ್ಬೇಕು. ಬಾರದಿದ್ರೆ ನಾನೇ ಮನೆಗೆ ಬರ್ತೇನೆ ಅಂತ ಹೇಳು."

ಮರುದಿನ ಬೆಳಿಗ್ಗೆ ಎಲ್ಲರೂ ಬಂದರು. ಹಜಾರದ ಬಾಗಿಲಿಗೆ ಅಡ್ಡಲಾಗಿ ರುಕ್ಮಯ್ಯ ನಿಂತಿದ್ದರು. ಇಸ್ತ್ರಿ ಹಾಕಿದ ಅಂಗಿ, ನೀರು ಹಚ್ಚಿ ಬಾಚಿದ ಕೂದಲು. ಯಾರನ್ನೂ ಒಳಗೆ ಬಿಡಲಿಲ್ಲ.

"ಎಲ್ಲರೂ ಕೇಳಿ. ಈ ಬಸ್ಸು ನನ್ನ ಸೊಸೆಯದ್ದು. ನಾನು ಕೇಳದೆ ಪಾಸು ಕೊಟ್ಟೆ, ಅದು ನನ್ನ ತಪ್ಪು. ಇವತ್ತಿನಿಂದ ಪಾಸು ರದ್ದು. ಟಿಕೆಟ್ ಎಷ್ಟು ಅಂತ ಬೋರ್ಡಿನಲ್ಲಿ ಉಂಟು. ಆಗುವವರು ಹತ್ತಿ, ಆಗದವರು ನನ್ನ ಹತ್ರ ಬೇರೆ ಮಾತಾಡಿ."

ಚಾದ ಟ್ರೇ ಹಿಡಿದು ಬಂದ ಹರಿಣಾಕ್ಷಿ ನಡುದಾರಿಯಲ್ಲೇ ನಿಂತಳು. ಮುಖ ಕೆಂಪಾಯಿತು. ರುಕ್ಮಯ್ಯ ಅಂಗಿಯ ಜೇಬಿನಿಂದ ಮಡಚಿದ ನೋಟುಗಳನ್ನು ತೆಗೆದು ಟ್ರೇಯ ಮೇಲೆ, ಲೋಟಗಳ ನಡುವೆ ಇಟ್ಟರು.

"ಇದೆಂತ ಮಾವ?"

"ನನ್ನದು. ಈ ತಿಂಗಳಿನದ್ದು."

"ನಿಮ್ಮ ಹತ್ರ ನಾನು ದುಡ್ಡು ತೆಗೆದುಕೊಳ್ಳುವುದಾ? ಊರವರು ನಗ್ತಾರೆ. ಇದು ನಿಮ್ಮ ಮನೆ."

"ಮನೆ ಹಿಂದೆ ಉಂಟು. ಇದು ಎದುರಿನದ್ದು." ರುಕ್ಮಯ್ಯನವರ ದನಿ ತಗ್ಗಿತು. "ಕೇಳು ಹರಿಣಾಕ್ಷಿ. ಬುದ್ಧಿ ಬಂದಾಗಿನಿಂದ ನಾನು ಬೆಳಿಗ್ಗೆ ಹೊರಗೆ ಹೋಗಿ ಸಂಜೆ ಮನೆಗೆ ಬಂದವ. ಮಂಡಿ ಹೋದ ಮೇಲೆ ನನಗೆ ಹೋಗ್ಲಿಕ್ಕೂ ಇಲ್ಲ, ಬರ್ಲಿಕ್ಕೂ ಇಲ್ಲ. ಮನೆಯಲ್ಲೇ ಕೂತವ ಮನೆಗೆ ಬರುವುದು ಹೇಗೆ? ಅದಕ್ಕೇ ಗೇಟಿನಲ್ಲಿ ಕೂತು ಬೈಯುತ್ತಿದ್ದೆ. ಇದನ್ನು ತೆಗೆದುಕೋ. ದುಡ್ಡು ಕೊಟ್ಟು ಬಂದ್ರೆ ನಾನೂ ಎಲ್ಲರ ಹಾಗೆ ಬಂದವನಾಗ್ತೇನೆ."

ಹರಿಣಾಕ್ಷಿಗೆ ಮಾವನನ್ನು ಇಷ್ಟು ವರ್ಷ ನೋಡಿಯೂ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ಮರುಕವೂ, ಪ್ರೀತಿಯೂ ಒಟ್ಟಿಗೇ ಬಂದವು. ನೋಟುಗಳನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

ಮತ್ತೆ ತಡವಾಗಲಿಲ್ಲ. ಖಲೀಲ್ ಮಗನಿಗೆ ಫೋನು ಮಾಡಿ ಎರಡು ತಿಂಗಳಿನದ್ದು ಹಾಕಲು ಹೇಳಿದರು. ಮನೋರಮಾ ಟೀಚರು ಕೈಚೀಲ ಬಿಚ್ಚಿದರು. "ನನ್ನ ಪೆನ್ಶನ್ ಬ್ಯಾಂಕಿನಲ್ಲಿ ಕೊಳೆಯುತ್ತಿದೆ. ಇನ್ನೊಂದು ವಿಷಯ. ದುಡ್ಡು ಕೊಟ್ಟ ಮೇಲೆ ಸಾರಿಗೆ ಉಪ್ಪು ಜಾಸ್ತಿ ಅಂತ ಹೇಳಬಹುದಲ್ಲ? ತಿಂಗಳಿನಿಂದ ಹೇಳ್ಬೇಕು ಅಂತ ಇದ್ದೆ."

"ಹೇಳಿ ಟೀಚರೇ" ಎಂದು ಹರಿಣಾಕ್ಷಿ ನಕ್ಕಳು. "ಮಾವ ಹೇಳಿ ಹೇಳಿ ನನಗೆ ರೂಢಿ ಉಂಟು."

ತುಕ್ರಪ್ಪ ಅರ್ಧ ದುಡ್ಡು, ಅರ್ಧ ತೆಂಗಿನಕಾಯಿ ಆಗಬಹುದೋ ಎಂದು ಕೇಳಿದರು, ಆಗಬಹುದು ಎಂದಾಯಿತು. ಅಮ್ಮಣಿ ಮಾತ್ರ ಹಿಂದೆ ಹಿಂದೆ ಸರಿಯುತ್ತಿದ್ದರು. ರುಕ್ಮಯ್ಯ ಕಂಡರು.

"ಅಮ್ಮಣಿಯಕ್ಕ, ನಿಮಗೆ ಹಾಫ್ ಟಿಕೆಟ್."

"ನಾನೆಂತ ಸಣ್ಣ ಮಗುವಾ, ಹಾಫ್ ಟಿಕೆಟಿಗೆ?" ಅಮ್ಮಣಿಗೆ ಸಿಟ್ಟೇ ಬಂತು. "ದಿನಾ ಕಾಯಿ ತುರಿಯುವುದು ಯಾರು? ನನ್ನದು ಫುಲ್ಲೇ. ಸಂಬಳದಲ್ಲಿ ಮುರಿದುಕೊಳ್ಳಲಿ."

ಎಲ್ಲರೂ ನಕ್ಕರು. ಅದು ನಗೆಯ ಮಾತಲ್ಲ, ನ್ಯಾಯದ ಮಾತು ಎಂದು ಹರಿಣಾಕ್ಷಿ ಹೇಳಿದಳು. ಅಂದಿನಿಂದ ಅಮ್ಮಣಿ ಬೇಗ ಬಂದು ಅಡುಗೆಮನೆಯ ಅಧಿಕಾರ ವಹಿಸಿಕೊಂಡರು.

ಸಂಜೆ ಶಾಲೆಯಿಂದ ಬಂದ ಜಯಪ್ರಕಾಶ್, ಚಪ್ಪಲಿ ಕಳಚುವ ಮೊದಲೇ ಮಗಳಿಂದ ಕತೆಯೆಲ್ಲ ಕೇಳಿದ. ಸಂಘದ ಕಂತು, ದಿನಸಿ, ಮೀನು, ಗ್ಯಾಸು, ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿ ಕಳೆದ. ಲಾಭವೇನೂ ಇರಲಿಲ್ಲ, ಆದರೆ ಕೈಯಿಂದ ಹಾಕುವಂಥದ್ದೂ ಇರಲಿಲ್ಲ. ಮೊಬೈಲ್ ಅಂಗಡಿಯವನಿಗೆ ಫೋನು ಮಾಡಿದ.

"ಇಲ್ಲ ಮಾರಾಯ್ರೇ, ಕೋಣೆ ಸಿಗುವುದಿಲ್ಲ. ಜನ ಇದ್ದಾರೆ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಬಳೆ ನಾಳೆಯೇ ಬಿಡಿಸಿಕೊಂಡು ಬರುವ" ಎಂದ.

"ಆ ದುಡ್ಡು ನೀವು ಕಾರಿಗೆ ಅಂತ ಕೂಡಿಟ್ಟದ್ದಲ್ವಾ?"

"ಕಾರು ಎಂತಕ್ಕೆ? ಮನೆಯಲ್ಲೇ ಬಸ್ಸು ಉಂಟಲ್ಲ."

ಹಜಾರದಲ್ಲಿ ಚಾ ಮುಗಿದಿತ್ತು. ಒಬ್ಬೊಬ್ಬರೇ ಎದ್ದರು. ಖಲೀಲರನ್ನು ಕರೆದೊಯ್ಯಲು ಮಗ ಬೈಕಿನಲ್ಲಿ ಬಂದ. ಮನೋರಮಾ ಟೀಚರು ಕೊಡೆ ಬಿಚ್ಚಿದರು. ರುಕ್ಮಯ್ಯನವರೂ ಚಪ್ಪಲಿ ಮೆಟ್ಟಿ, ಎಲ್ಲರ ಜೊತೆಗೇ ಗೇಟು ದಾಟಿ ರಸ್ತೆಗೆ ಇಳಿದರು. ನಾಳೆ ಕಾಣುವ ಎಂದು ಕೈಯೆತ್ತಿದರು. ಅಡುಗೆಮನೆಯ ಕಿಟಕಿಯಿಂದ ಹರಿಣಾಕ್ಷಿಗೆ ಅವರ ತಲೆ ಕಾಣಿಸಿತು. ಕೋಲೂರುತ್ತ ಕಾಂಪೌಂಡಿನ ಉದ್ದಕ್ಕೂ ಮೆಲ್ಲಗೆ ನಡೆದು, ಓಣಿಗೆ ತಿರುಗಿ, ಮನೆಗೆ ಪೂರ್ತಿ ಒಂದು ಸುತ್ತು ಹಾಕಿ ಅವರು ಹಿತ್ತಿಲ ಬಾಗಿಲಿಗೆ ಬಂದರು. ನಳ್ಳಿ ತಿರುಗಿಸಿ ಕಾಲು ತೊಳೆದರು.

"ಹರಿಣಾಕ್ಷಿ, ಬಂದೆ."

ಹರಿಣಾಕ್ಷಿ ಒಲೆಯ ಮೇಲೆ ಮತ್ತೊಮ್ಮೆ ಚಾಕ್ಕೆ ನೀರಿಟ್ಟಳು.

"ಎಂತ ಮಾವ, ಇವತ್ತು ತಡ ಆಯ್ತು?"

"ಭಾರಿ ಜನ ಮಾರಾಯ್ತಿ" ಎಂದು ರುಕ್ಮಯ್ಯ ಮಣೆ ಎಳೆದು ಕುಳಿತರು. "ಆ ಟೀಚರು ಎಂತ ಹೇಳಿದ್ರು ಗೊತ್ತುಂಟಾ?"

ಹರಿಣಾಕ್ಷಿಗೆ ಗೊತ್ತಿತ್ತು. ಆದರೂ ಪೂರ್ತಿ ಕೇಳಿದಳು.